ಎಕ್ಸ್‌ಎಂಎಲ್ ಸಹಿ: ನನ್ನಲ್ಲಿ ಸರಿ, ಬ್ಯಾಂಕಿನಲ್ಲಿ ಅಮಾನ್ಯ. ಯಾಕೆ?

ಪ್ರಶ್ನೆ
ಒಂದು ಸಹಕಾರ ಸಂಘಕ್ಕೆ ಸಾಫ್ಟ್‌ವೇರ್ ಬರೆದು ಕೊಡುತ್ತಿದ್ದೇನೆ. ಅಡಿಕೆ ಕೊಟ್ಟ ರೈತರ ಹಣದ ಪಟ್ಟಿಯನ್ನು ಎಕ್ಸ್‌ಎಂಎಲ್ (ಟ್ಯಾಗುಗಳ ನಡುವೆ ಮಾಹಿತಿ ಬರೆಯುವ ಫೈಲ್) ಮಾಡಿ, ಡಿಜಿಟಲ್ ಸಹಿ ಹಾಕಿ ಬ್ಯಾಂಕಿಗೆ ಕಳಿಸಬೇಕು. ಬಳಸಿರುವುದು ಜಾವಾ 17, ಅದರ ಜೊತೆಗೇ ಬರುವ ಎಕ್ಸ್‌ಎಂಎಲ್ ಸಹಿಯ ಎಪಿಐ (ಸಿದ್ಧ ಕೋಡ್). ಸಹಿ ಹಾಕಿದ ತಕ್ಷಣ ಪರೀಕ್ಷಿಸಿದರೆ ಸರಿ ಬರುತ್ತದೆ. ಫೈಲ್ ಮಾಡಿ ಕಳಿಸಿದರೆ ‘ಸಹಿ ಅಮಾನ್ಯ’ ಅಂತ ವಾಪಸ್. ಮೂರು ದಿನ ಆಯ್ತು. ರೈತರು ಬೆಳಗ್ಗೆಯೇ ಬಂದು ಸಂಘದ ಕಟ್ಟೆ ಮೇಲೆ ಕೂರುತ್ತಾರೆ, ಅವರಿಗೆ ಏನು ಹೇಳಲಿ? ಪಟ್ಟಿಯಲ್ಲಿ ಒಂದು ರೂಪಾಯಿಯೂ ಬದಲಾಗಿಲ್ಲ.

ಉತ್ತರ 1
ಉಳಿಸಿದ ಫೈಲನ್ನೇ ಮತ್ತೆ ಓದಿಸಿ ನೋಡಿ ಸರ್. ವ್ಯಾಲಿಡೇಟ್ (ಸಹಿಯ ಪರೀಕ್ಷೆ) ಫಾಲ್ಸ್ ಅಂದರೆ ಅಲ್ಲಿಗೇ ಬಿಡಬೇಡಿ. ಸಿಗ್ನೇಚರ್ ವ್ಯಾಲ್ಯೂವನ್ನೂ (ಕೀ ಬಳಸಿ ಹಾಕಿದ ಸಹಿ) ಪ್ರತಿ ರೆಫರೆನ್ಸನ್ನೂ (ಪಟ್ಟಿಯ ಹ್ಯಾಶ್, ಅಂದರೆ ಅದರ ಅಕ್ಷರಗಳಿಂದ ಲೆಕ್ಕ ಹಾಕಿದ ಗುರುತು, ಇರುವ ಭಾಗ) ಬೇರೆ ಬೇರೆಯಾಗಿ ವ್ಯಾಲಿಡೇಟ್ ಮಾಡಿ. ರೆಫರೆನ್ಸ್ ಮಾತ್ರ ಫಾಲ್ಸ್ ಆದರೆ ಪಟ್ಟಿ ಬದಲಾಗಿದೆ. ಎರಡೂ ಫಾಲ್ಸ್ ಆದರೆ ಅದರ ಜೊತೆಗೆ ಕೀಯೂ ತಪ್ಪಿರಬೇಕು, ಇಲ್ಲವೇ ಸಹಿಯ ಭಾಗದೊಳಗೂ ಏನೋ ಸೇರಿದೆ.

ಪ್ರಶ್ನೆ ಕೇಳಿದವರು
ಎರಡೂ ಫಾಲ್ಸ್! ಕೀ ಅದೇ. ಫೈಲ್ ಬರೆಯುವಾಗ ಮಾತ್ರ ಇಂಡೆಂಟ್ (ಹೊಸ ಸಾಲು, ಸಾಲಿನ ಮೊದಲು ಖಾಲಿ ಜಾಗ) ಹಾಕಿದ್ದೆ, ಕಾರ್ಯದರ್ಶಿಗಳಿಗೆ ಓದಲು ಸುಲಭ ಆಗಲಿ ಅಂತ.

ಉತ್ತರ 1
ಅದೇ ಕಾರಣ. ಹ್ಯಾಶ್ ತೆಗೆಯುವ ಮೊದಲು ಕೆನಾನಿಕಲೈಸೇಷನ್ (ಎಕ್ಸ್‌ಎಂಎಲ್ ಅನ್ನು ಒಂದೇ ನಿಗದಿತ ರೂಪಕ್ಕೆ ತರುವುದು) ನಡೆಯುತ್ತದೆ ಅಲ್ವಾ, ಅದು ಟ್ಯಾಗಿನೊಳಗಿನ ಆಟ್ರಿಬ್ಯೂಟುಗಳನ್ನು ಕ್ರಮಕ್ಕೆ ತರುತ್ತದೆ, ಒಂಟಿ ಕೋಟ್‌ಗಳನ್ನು ಜೋಡಿ ಕೋಟ್ ಮಾಡುತ್ತದೆ. ಟ್ಯಾಗುಗಳ ನಡುವಿನ ಖಾಲಿ ಜಾಗವನ್ನು ಮಾತ್ರ ಮುಟ್ಟುವುದಿಲ್ಲ. ನೀವು ಸೇರಿಸಿದ ಒಂದೊಂದು ಹೊಸ ಸಾಲೂ ಅದಕ್ಕೆ ಹೊಸ ಅಕ್ಷರವೇ. ಸಹಿ ಬಿದ್ದ ಮೇಲೆ ಒಂದು ಸ್ಪೇಸ್ ಕೂಡ ಸೇರಿಸಬೇಡಿ. ಕಾರ್ಯದರ್ಶಿಗಳಿಗೆ ಬೇರೆ ಪ್ರತಿ ತೆಗೆದುಕೊಡಿ.

ಉತ್ತರ 2
ಇನ್ನೊಂದು ಮಾತು. ಫೈಲ್ ಓದುವಾಗ ಡಾಕ್ಯುಮೆಂಟ್ ಬಿಲ್ಡರ್ ಫ್ಯಾಕ್ಟರಿಯಲ್ಲಿ (ಎಕ್ಸ್‌ಎಂಎಲ್ ಓದಲು ಜಾವಾದಲ್ಲಿರುವ ಭಾಗ) ನೇಮ್‌ಸ್ಪೇಸ್ ಅವೇರ್ (ಟ್ಯಾಗಿನ ಹೆಸರು ಯಾವ ಗುಂಪಿನದು ಅಂತ ಗುರುತಿಸುವ ಆಯ್ಕೆ) ಟ್ರೂ ಮಾಡಿ, ಸುಮ್ನೆ ಬಿಟ್ಟರೆ ಅದು ಫಾಲ್ಸ್ ಇರುತ್ತದೆ. ಹಳೆಯ ಉದಾಹರಣೆ ನೋಡಿ ಶಾ-1 (ಹ್ಯಾಶ್ ತೆಗೆಯುವ ಹಳೆಯ ವಿಧಾನ) ಬಳಸಿದ್ದರೆ ಶಾ-256 ಮಾಡಿ. ಜಾವಾ 17ರಲ್ಲಿ ಶಾ-1 ಸಹಿಯನ್ನು ಪರೀಕ್ಷೆಯಲ್ಲೇ ತಳ್ಳಿಹಾಕುತ್ತದೆ.

ಪ್ರಶ್ನೆ ಕೇಳಿದವರು
ಇಂಡೆಂಟ್ ತೆಗೆದೆ, ಫೈಲಿನಿಂದ ಓದಿಸಿದರೂ ಟ್ರೂ. ಶಾ-256 ಮೊದಲೇ ಇತ್ತು. ಮಧ್ಯಾಹ್ನ ಕಳಿಸಿದೆ, ಬ್ಯಾಂಕ್ ತಗೊಂಡಿತು. ಹಣ ಸಂಜೆಯೊಳಗೆ ಬರುತ್ತದೆ ಅಂತ ಕಟ್ಟೆ ಮೇಲಿದ್ದವರಿಗೆ ನಾನೇ ಹೋಗಿ ಹೇಳಿ ಬಂದೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್.