ಶುಗರ್ ಇದೆ ಅಂತ ಗೊತ್ತಾಗಿ ಹದಿನೈದು ದಿನ ಆಯ್ತು. ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ಉಣ್ಣಬಹುದಾ?

ಪ್ರಶ್ನೆ

ಮೇಡಂ, ನಮಸ್ಕಾರ. ನನಗೆ 46 ವರ್ಷ. ಮಂಡ್ಯದ ಹತ್ತಿರ ಒಂದು ಹಳ್ಳಿ. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಎರಡು ತಿಂಗಳಿಂದ ತುಂಬಾ ಸುಸ್ತು, ರಾತ್ರಿ ಮೂರ್ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದೆ. ಪರೀಕ್ಷೆ ಮಾಡಿಸಿದರೆ ಖಾಲಿ ಹೊಟ್ಟೆಯಲ್ಲಿ 168, ಊಟದ ನಂತರ 254, ಎಚ್‌ಬಿಎ1ಸಿ 8.1 ಬಂತು. ತೂಕ 71 ಕೆ.ಜಿ., ಎತ್ತರ 5 ಅಡಿ 2 ಅಂಗುಲ. ಡಾಕ್ಟರ್ ಮೆಟ್‌ಫಾರ್ಮಿನ್ 500 ಎರಡು ಹೊತ್ತು ಬರೆದುಕೊಟ್ಟರು. ಊಟದಲ್ಲಿ ಕಂಟ್ರೋಲ್ ಮಾಡಿ ಅಂದರು.

ಏನು ಕಂಟ್ರೋಲ್ ಮಾಡಬೇಕು ಅಂತ ಗೊತ್ತಾಗುತ್ತಿಲ್ಲ. ಎಲ್ಲರೂ ಅನ್ನ ಬಿಡು, ಮುದ್ದೆ ಉಣ್ಣು ಅಂದರು. ಅನ್ನ ಪೂರ್ತಿ ಬಿಟ್ಟಿದ್ದೇನೆ. ಹೊಟ್ಟೆ ತುಂಬಾ ಮುದ್ದೆ ಉಂಡರೂ ಮೀಟರಿನಲ್ಲಿ 240 ಬರುತ್ತಿದೆ. ಟೀಗೆ ಸಕ್ಕರೆ ಬದಲು ಬೆಲ್ಲ ಹಾಕುತ್ತಿದ್ದೇನೆ, ದಿನಕ್ಕೆ ನಾಲ್ಕು ಟೀ. ಪಕ್ಕದ ಮನೆಯವರು ಮಾತ್ರೆ ಬೇಡ, ಹಾಗಲಕಾಯಿ ರಸ ಕುಡಿ ಅನ್ನುತ್ತಾರೆ. ಮನೆಯಲ್ಲಿ ಅತ್ತೆ, ಯಜಮಾನರು, ಇಬ್ಬರು ಮಕ್ಕಳು ಇದ್ದಾರೆ. ನನಗೊಬ್ಬಳಿಗೆ ಬೇರೆ ಅಡುಗೆ ಮಾಡಿಕೊಳ್ಳಲು ಆಗಲ್ಲ. ಯಜಮಾನರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ, ನಾಚಿಕೆ ಆಗುತ್ತದೆ. ದಾರಿ ತೋರಿಸಿ.

ಉತ್ತರ (ಆಹಾರ ತಜ್ಞೆ)

ಅಕ್ಕ, ಮೊದಲು ನಾಚಿಕೆಯ ಮಾತು. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ 2023ರಲ್ಲಿ ಬಂದ ಐಸಿಎಂಆರ್ ಅಧ್ಯಯನ ಹೇಳುತ್ತದೆ. ನೀವು ಯಾವ ತಪ್ಪೂ ಮಾಡಿಲ್ಲ. ಅತ್ತೆಗೂ ಮಕ್ಕಳಿಗೂ ಇವತ್ತೇ ಹೇಳಿ. ಮುಚ್ಚಿಟ್ಟುಕೊಂಡರೆ ಅವರು ಪ್ರೀತಿಯಿಂದ ಬಡಿಸಿದ್ದನ್ನೆಲ್ಲ ನೀವು ಉಣ್ಣಬೇಕಾಗುತ್ತದೆ.

ಎಚ್‌ಬಿಎ1ಸಿ ಅಂದರೆ ಹಿಂದಿನ ಸುಮಾರು ಮೂರು ತಿಂಗಳ ಸರಾಸರಿ ಲೆಕ್ಕ. 6.5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಸಕ್ಕರೆ ಕಾಯಿಲೆ. ನಿಮ್ಮದು 8.1, ಅಂದರೆ ರಕ್ತದಲ್ಲಿ ಸಕ್ಕರೆ ಸರಾಸರಿ 185ರ ಆಸುಪಾಸು ಇತ್ತು. ಇದು ಕೈ ಮೀರಿದ ಅಂಕಿ ಅಲ್ಲ. ಮಾತ್ರೆ ಜೊತೆಗೆ ಊಟ, ನಡಿಗೆ ಸರಿಹೋದರೆ ಚೆನ್ನಾಗಿ ಇಳಿಯುತ್ತದೆ.

ಈಗ ಮುದ್ದೆಗೆ ಬರೋಣ. ನನ್ನ ಹತ್ತಿರ ಬರುವ ಮಂಡ್ಯ, ಹಾಸನ, ತುಮಕೂರು ಕಡೆಯವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ರಾಗಿ ಒಳ್ಳೆಯದು. ಅದರಲ್ಲಿ ನಾರು ಇದೆ, ಸುಣ್ಣದ ಅಂಶ ಅಕ್ಕಿಗಿಂತ ಎಷ್ಟೋ ಪಟ್ಟು ಜಾಸ್ತಿ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲಿ 65–70 ಗ್ರಾಂ ಪಿಷ್ಟವೇ ಇರುತ್ತದೆ. ಹೊಟ್ಟೆಗೆ ಹೋದ ಮೇಲೆ ಅದೂ ಸಕ್ಕರೆಯೇ. ಒಂದು ಸಲ ಮನೆಯಲ್ಲಿ ಹೀಗೆ ಮಾಡಿ ನೋಡಿ. ಎಸರಿಗೆ ಹಾಕುವ ಮೊದಲು ಹಿಟ್ಟನ್ನು ತೂಕ ಮಾಡಿ, ಎಷ್ಟು ಮುದ್ದೆ ಆಯಿತು ಅಂತ ಎಣಿಸಿ. ನಮ್ಮ ಕಡೆಯ ಒಂದು ದಪ್ಪ ಮುದ್ದೆಗೆ 120 ಗ್ರಾಂ ಹಿಟ್ಟು ಸುಲಭವಾಗಿ ಹೋಗುತ್ತದೆ. ಸಣ್ಣ ಬಟ್ಟಲಿನ ಲೆಕ್ಕದಲ್ಲಿ ಅದು ಎರಡು ಬಟ್ಟಲು ಅನ್ನಕ್ಕೆ ಸಮ. ಜೊತೆಗೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿದ್ದು ಗೊತ್ತಾಗುವ ಮೊದಲೇ ತಟ್ಟೆ ಖಾಲಿ. ಹಾಗಾಗಿ ನೀವು ಅನ್ನ ಬಿಟ್ಟಿರಿ, ಪಿಷ್ಟ ಬಿಡಲಿಲ್ಲ. 240 ಬಂದಿದ್ದು ಅದಕ್ಕೇ.

ಬೇರೆ ಅಡುಗೆ ಬೇಡವೇ ಬೇಡ. ಬಸ್ಸಾರು ಮಾಡುತ್ತೀರಲ್ವಾ? ಸೊಪ್ಪು, ಕಾಳು ಬೇಯಿಸಿ ಕಟ್ಟು ಬಸಿದು ಸಾರು ಮಾಡಿ, ಉಳಿದಿದ್ದಕ್ಕೆ ಪಲ್ಯದ ಒಗ್ಗರಣೆ ಹಾಕುತ್ತೀರಿ. ಆಮೇಲೆ ದೊಡ್ಡ ಮುದ್ದೆ, ತುಂಬಾ ಸಾರು, ತಟ್ಟೆಯ ಅಂಚಿಗೆ ಒಂದು ಚಮಚ ಪಲ್ಯ. ಇದನ್ನು ತಿರುಗಿಸಿ. ಮೊದಲು ಎರಡು ಸೌಟು ಪಲ್ಯ ಬಡಿಸಿಕೊಂಡು ಅರ್ಧ ಪಲ್ಯವನ್ನು ಹಾಗೇ ತಿಂದುಬಿಡಿ. ಆಮೇಲೆ ಅರ್ಧ ಮುದ್ದೆ ಮುರಿದುಕೊಳ್ಳಿ. ಸೊಪ್ಪು, ಕಾಳು ಮೊದಲು ಹೊಟ್ಟೆಗೆ ಹೋದರೆ ಆಮೇಲೆ ಹೋದ ಹಿಟ್ಟಿನ ಸಕ್ಕರೆ ನಿಧಾನವಾಗಿ ಏರುತ್ತದೆ. ತಟ್ಟೆಯ ಅರ್ಧ ಸೊಪ್ಪು ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಮೀನು, ಕೋಳಿ, ಉಳಿದ ಕಾಲು ಭಾಗಕ್ಕೆ ಮುದ್ದೆಯೋ ಅನ್ನವೋ ಎರಡರಲ್ಲಿ ಒಂದು ಮಾತ್ರ. ಆಲೂಗಡ್ಡೆ ತರಕಾರಿ ಲೆಕ್ಕಕ್ಕೆ ಬರಲ್ಲ, ಅನ್ನದ ಲೆಕ್ಕಕ್ಕೆ ಸೇರುತ್ತದೆ. ಅನ್ನದ ಆಸೆ ಇದ್ದರೆ ಒಂದು ಹೊತ್ತು ಸಣ್ಣ ಬಟ್ಟಲಿನಲ್ಲಿ ಉಣ್ಣಿ. ಪೂರ್ತಿ ಬಿಟ್ಟು ಹದಿನೈದು ದಿನಕ್ಕೆ ಬೇಸತ್ತು ಎರಡರಷ್ಟು ಉಣ್ಣುವುದಕ್ಕಿಂತ ಅದು ಎಷ್ಟೋ ಮೇಲು.

ಬೆಲ್ಲ ಬಿಡಿ ಅಕ್ಕ. ಸಕ್ಕರೆಯಷ್ಟೇ ಏರಿಸುತ್ತದೆ. ಜೇನುತುಪ್ಪವೂ ಅಷ್ಟೇ. ನಾಲ್ಕು ಟೀಯನ್ನು ಎರಡಕ್ಕೆ ಇಳಿಸಿ. ವಾರಕ್ಕೆ ಅರ್ಧ ಚಮಚದಂತೆ ಸಿಹಿ ಕಡಿಮೆ ಮಾಡುತ್ತಾ ಹೋದರೆ ನಾಲಿಗೆ ಒಗ್ಗಿಕೊಳ್ಳುತ್ತದೆ.

ಹಾಗಲಕಾಯಿಯನ್ನು ಗೊಜ್ಜು, ಪಲ್ಯ ಮಾಡಿ ತಿನ್ನಿ, ಗೊಜ್ಜಿಗೆ ಬೆಲ್ಲ ಮಾತ್ರ ಬೇಡ. ಮಾತ್ರೆ ಬಿಟ್ಟು ರಸ ಕುಡಿಯುವುದನ್ನು ದಯವಿಟ್ಟು ಮಾಡಬೇಡಿ. ಹಾಗೆ ವರ್ಷಗಟ್ಟಲೆ ಮಾಡಿ, ಕಣ್ಣು ಮಂಜಾದ ಮೇಲೆ ಬಂದವರನ್ನು ನೋಡಿದ್ದೇನೆ. ನನಗೆ ಈ ಕೆಲಸದಲ್ಲಿ ಅತಿ ಹೆಚ್ಚು ಸಂಕಟವಾಗುವುದು ಅದೇ. ಮೆಟ್‌ಫಾರ್ಮಿನ್ ಊಟದ ಜೊತೆ ತೆಗೆದುಕೊಳ್ಳಿ. ಮೊದಲ ವಾರಗಳಲ್ಲಿ ಹೊಟ್ಟೆ ಕೆಡಬಹುದು, ಸಾಮಾನ್ಯವಾಗಿ ಸರಿಹೋಗುತ್ತದೆ. ಹೋಗದಿದ್ದರೆ ಡಾಕ್ಟರಿಗೆ ಹೇಳಿ, ನೀವೇ ನಿಲ್ಲಿಸಬೇಡಿ.

ನಡಿಗೆ ಅಂದರೆ ಬೆಳಗಿನ ಜಾವ ಶೂ ಹಾಕಿಕೊಂಡು ಹೋಗುವುದೇ ಆಗಬೇಕಿಲ್ಲ. ಊಟ ಮುಗಿಸಿ ಹದಿನೈದು ನಿಮಿಷ ಬೀದಿಯಲ್ಲಿ ನಡೆಯಿರಿ. ಕಾಲಿನ ಸ್ನಾಯುಗಳು ಕೆಲಸ ಮಾಡುವಾಗ ರಕ್ತದ ಸಕ್ಕರೆಯನ್ನು ತಾವೇ ಎಳೆದುಕೊಳ್ಳುತ್ತವೆ, ಇನ್ಸುಲಿನ್‌ಗಾಗಿ ಅಷ್ಟಾಗಿ ಕಾಯುವುದಿಲ್ಲ. ಹೊಲಿಯುವಾಗ ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ಒಂದು ಲೋಟ ನೀರು ಕುಡಿದು ಬನ್ನಿ.

ಮೀಟರ್ ಇದೆಯಲ್ಲ, ಅದನ್ನೇ ಮೇಷ್ಟ್ರು ಮಾಡಿಕೊಳ್ಳಿ. ಊಟಕ್ಕೆ ಮೊದಲು ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ. ಏನು ಉಂಡಿರಿ ಅಂತ ಪಕ್ಕದಲ್ಲೇ ಬರೆಯಿರಿ. ಊಟಕ್ಕೆ ಮೊದಲು 80ರಿಂದ 130, ಎರಡು ಗಂಟೆಗೆ 180ರ ಒಳಗೆ ಬಂದರೆ ಒಳ್ಳೆಯದು. ದಿನವೂ ಬೇಡ, ಸ್ಟ್ರಿಪ್ ದುಬಾರಿ. ವಾರಕ್ಕೆ ಎರಡು ಊಟ ಸಾಕು.

ಇನ್ನೊಂದು, ಕಣ್ಣಿನ ಹಿಂಭಾಗದ ಪರೀಕ್ಷೆ, ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ, ಪಾದದ ಸ್ಪರ್ಶ ಪರೀಕ್ಷೆ ಈಗಲೇ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಕಾಯಿಲೆ ಗೊತ್ತಾಗುವ ಎಷ್ಟೋ ಮೊದಲೇ ಅದು ಶುರುವಾಗಿರಬಹುದು.

ಇನ್ನೊಬ್ಬರ ಪ್ರಶ್ನೆ

ಮೇಡಂ, ನಾವು ಕಲಬುರಗಿಯವರು. ಜೋಳದ ರೊಟ್ಟಿ ಎಷ್ಟು ತಿಂದರೂ ನಡೆಯುತ್ತದಾ? ನಮ್ಮ ಭಾವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಳ್ಳುತ್ತಾರೆ. ತೂಕ ಇಳಿಸಲು ರಾತ್ರಿ ಊಟ ಬಿಟ್ಟಿದ್ದಾರೆ. ಮೊನ್ನೆ ರಾತ್ರಿ ಬೆವರಿ ಕೈ ನಡುಗಿತು.

ಉತ್ತರ

ರೊಟ್ಟಿಗೂ ಅದೇ ಲೆಕ್ಕ. ಎರಡು ತೆಳ್ಳನೆ ರೊಟ್ಟಿ, ಮೇಲೆ ಪುಂಡಿಪಲ್ಯ, ಹೆಸರುಕಾಳು, ಹಸಿ ತರಕಾರಿ ಜಾಸ್ತಿ.

ನಿಮ್ಮ ಭಾವನ ವಿಷಯ ಅರ್ಜೆಂಟ್. ಅವರಿಗೆ ಸಕ್ಕರೆ ತೀರಾ ಇಳಿದಿರಬೇಕು. ಮೆಟ್‌ಫಾರ್ಮಿನ್ ಒಂದರಿಂದಲೇ ಹೀಗಾಗುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ, ಊಟ ಬಿಟ್ಟರೂ ಅದು ಸಕ್ಕರೆ ಇಳಿಸುತ್ತಲೇ ಇರುತ್ತದೆ. ಮತ್ತೆ ಹಾಗಾದರೆ ಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಕಲಸಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಇನ್ನೂ ಕಡಿಮೆ ಇದ್ದರೆ ಇನ್ನೊಮ್ಮೆ ಕೊಡಿ. ಸರಿಹೋದ ಮೇಲೆ ಏನಾದರೂ ತಿನ್ನಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ರಾತ್ರಿ ಊಟ ಬಿಡಬಾರದು ಅಂತ ಇವತ್ತೇ ಹೇಳಿ, ನಾಳೆಯೇ ಡಾಕ್ಟರ್ ಹತ್ತಿರ ಮಾತ್ರೆಯ ಅಳತೆ ಕೇಳಿಸಿ. ಏಕಾದಶಿ, ಶ್ರಾವಣದ ಉಪವಾಸಕ್ಕೂ ಇದೇ ಮಾತು.

ಮೊದಲು ಕೇಳಿದವರು, ಮೂರು ವಾರದ ನಂತರ

ಮೇಡಂ, ನೀವು ಹೇಳಿದಂತೆ ಹಿಟ್ಟು ತೂಗಿದೆ. ಒಂದು ಮುದ್ದೆಗೆ 130 ಗ್ರಾಂ! ಪೂರ್ತಿ ಮುದ್ದೆ ಉಂಡ ದಿನ 238. ಎರಡು ಸೌಟು ಪಲ್ಯ, ಅರ್ಧ ಮುದ್ದೆ, ಬೀದಿಯಲ್ಲಿ ನಡಿಗೆ ಆದ ದಿನ 172. ಚೀಟಿ ನೋಡಿ ಅತ್ತೆಯೇ ಪಲ್ಯಕ್ಕೆ ಜಾಸ್ತಿ ಸೊಪ್ಪು ಸೋಸಿಕೊಡುತ್ತಿದ್ದಾರೆ. ರಾತ್ರಿ ಒಂದೇ ಸಲ ಏಳುತ್ತೇನೆ. ತೂಕ ಒಂದೂವರೆ ಕೆ.ಜಿ. ಇಳಿದಿದೆ. ಮೂರು ತಿಂಗಳಿಗೆ ಮಾತ್ರೆ ಬಿಡಬಹುದಾ? ಗೌರಿ ಹಬ್ಬಕ್ಕೆ ಒಬ್ಬಟ್ಟು?

ಉತ್ತರ

ಓದಿ ತುಂಬಾ ಖುಷಿಯಾಯಿತು ಅಕ್ಕ. ಅತ್ತೆಗೆ ನನ್ನ ನಮಸ್ಕಾರ ಹೇಳಿ.

ಮಾತ್ರೆ ಬಿಡುವ ಆಸೆ ತಪ್ಪಲ್ಲ. ಬ್ರಿಟನ್ನಿನಲ್ಲಿ 2017ರಲ್ಲಿ ಪ್ರಕಟವಾದ ಡೈರೆಕ್ಟ್ ಅನ್ನುವ ಅಧ್ಯಯನದಲ್ಲಿ, ಕಾಯಿಲೆ ಬಂದು ಆರು ವರ್ಷದೊಳಗಿನವರನ್ನು ನಿಗಾ ಇಟ್ಟು ತೂಕ ಇಳಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಜನ ಒಂದು ವರ್ಷದ ಹೊತ್ತಿಗೆ ಮಾತ್ರೆ ಇಲ್ಲದೆ ಎಚ್‌ಬಿಎ1ಸಿಯಲ್ಲಿ 6.5ರ ಕೆಳಗೆ ಬಂದರು. ಜಾಸ್ತಿ ತೂಕ ಇಳಿಸಿದವರಿಗೆ ಜಾಸ್ತಿ ಫಲ ಸಿಕ್ಕಿತು. ನಿಮಗೆ ಕಾಯಿಲೆ ಹೊಸದು, ಅವಕಾಶ ಇದೆ. ಈಗ ಮೊದಲ ಗುರಿ ಐದು ಕೆ.ಜಿ. ಇಳಿಸುವುದು ಅಂತ ಇಟ್ಟುಕೊಳ್ಳಿ. ಮೂರು ತಿಂಗಳಿಗೆ ಎಚ್‌ಬಿಎ1ಸಿ ಮಾಡಿಸಿ, ಆ ಚೀಟಿ ಹಿಡಿದು ಡಾಕ್ಟರನ್ನೇ ಕೇಳಿ. ಕಡಿಮೆ ಮಾಡುವುದಿದ್ದರೆ ಅವರು ಮಾಡಲಿ. ಮಾತ್ರೆ ನಿಂತರೂ ಪರೀಕ್ಷೆ ನಿಲ್ಲಬಾರದು, ತೂಕ ಏರಿದರೆ ಕಾಯಿಲೆ ಮರಳಿ ಬರುತ್ತದೆ.

ಒಬ್ಬಟ್ಟು ಒಂದು ತಿನ್ನಿ. ಮೊದಲು ಕೋಸಂಬರಿ, ಪಲ್ಯ ಚೆನ್ನಾಗಿ ತಿಂದು, ಆ ಹೊತ್ತಿನ ಅನ್ನ ಬಿಟ್ಟು, ಕೊನೆಗೆ ಒಬ್ಬಟ್ಟು. ಆಮೇಲೆ ಬಾಗಿನ ಕೊಡಲು ನಾಲ್ಕು ಮನೆಗೆ ನಡೆದೇ ಹೋಗಿ ಬನ್ನಿ. ಎರಡು ಗಂಟೆಗೆ ಮೀಟರ್ ನೋಡಿ, ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ.