ಬದುಕಿದ್ರೆ ಸುದ್ದಿ ಅಲ್ವಂತೆ

ನಮ್ಮ ಗುಂಪಲ್ಲಿ ಒಬ್ಬ ಫ್ರೀಲಾನ್ಸ್ ಪತ್ರಕರ್ತ ಇದಾನೆ, ಕಲೆ, ಸಾಹಿತ್ಯ, ಸಂಸ್ಕೃತಿ ಅವನ ಏರಿಯಾ. ಮೊನ್ನೆ ಎಲ್ರೂ ಸೇರಿದಾಗ ಬ್ಯಾಂಕಿನವನು ಅವನ ಕಾಲೆಳೆಯೋಕೆ ಶುರು ಮಾಡ್ದ.

"ನಿಂದೇ ಲೈಫು ಕಣೋ. ಪುಕ್ಸಟ್ಟೆ ನಾಟಕ, ಪುಕ್ಸಟ್ಟೆ ಪುಸ್ತಕ, ಸಾಯಂಕಾಲ ಗ್ಯಾಲರೀಲಿ ಕೈಕಟ್ಕೊಂಡು ನಿಂತು 'ಹೂಂ' ಅಂದ್ರೆ ಆಯ್ತು ನಿನ್ ಕೆಲಸ."

"ಹೂಂ ಅಂದಿದ್ದಕ್ಕೆ ಯಾರೂ ದುಡ್ಡು ಕೊಡಲ್ಲಪ್ಪ. ಬರೆದ್ರೆ ಕೊಡ್ತಾರೆ, ಬರೆದ ತಕ್ಷಣ ಅಲ್ಲ, ಎಷ್ಟೋ ಕಡೆ ಅಚ್ಚಾದ ಮೇಲೇನೇ. ಅಚ್ಚಾಗ್ಬೇಕಾದ್ರೆ ಮೊದ್ಲು ಪಿಚ್ ಮಾಡ್ಬೇಕು, ಅಂದ್ರೆ ಇಂಥದ್ದು ಬರೀತೀನಿ, ಹಾಕ್ತೀರಾ ಅಂತ ಕೇಳ್ಬೇಕು, ಕೇಳಿದ್ರೆ ಎಡಿಟರ್ ಕಡೆಯಿಂದ ಬರೋದು ಒಂದೇ ಪ್ರಶ್ನೆ, 'ಈಗ್ಯಾಕೆ?'"

"ಈಗ್ಯಾಕೆ ಅಂದ್ರೆ ಏನಪ್ಪ ಅರ್ಥ?" ಅಂದ್ರು ಮೇಷ್ಟ್ರು.

"ನೋಡಿ ಮೇಷ್ಟ್ರೇ, ಒಬ್ಬ ಒಳ್ಳೆ ಶಿಲ್ಪಿ ಇದಾನೆ, ಅವನ ಬಗ್ಗೆ ಬರೀತೀನಿ ಅಂತೀನಿ. ಚೆನ್ನಾಗಿದೆ, ಆದ್ರೆ ಈಗ್ಯಾಕೆ ಅಂತಾರೆ. ಅಂದ್ರೆ ಅವನಿಗೆ ಪ್ರಶಸ್ತಿ ಬಂದಿರ್ಬೇಕು, ಇಲ್ಲಾ ಯಾರ ಜೊತೆಗಾದ್ರೂ ಜಗಳ ಆಡಿರ್ಬೇಕು, ಇಲ್ಲಾ ಹುಟ್ಟಿ ನೂರು ವರ್ಷ ಆಗಿರ್ಬೇಕು, ಅದೂ ಇಲ್ಲ ಅಂದ್ರೆ ಹೋಗ್ಬಿಟ್ಟಿರ್ಬೇಕು. ಸುಮ್ನೆ ತನ್ನ ಪಾಡಿಗೆ ಕೆತ್ಕೊಂಡು ಬದುಕಿದ್ರೆ ಸುದ್ದಿ ಅಲ್ಲ."

"ಜಗಳ ನೀನೇ ಹಚ್ಚು ಮಾರಾಯ, ಅದೂ ಸಂಸ್ಕೃತೀನೇ ತಾನೆ," ಅಂದ ಬ್ಯಾಂಕಿನವನು.

"ಪ್ರಶಸ್ತಿ ಸುಲಭ ಅಲ್ವಾ, ದಿನಾಂಕ ಮೊದಲೇ ಗೊತ್ತಿರುತ್ತೆ?" ನಾನು ಕೇಳ್ದೆ.

"ದಿನಾಂಕ ಗೊತ್ತಿರುತ್ತೆ, ಹೆಸರು ಗೊತ್ತಿರಲ್ವಲ್ಲ! ಅಕ್ಟೋಬರ್ ಬಂತು ಅಂದ್ರೆ ಸಾಹಿತ್ಯದ ನೊಬೆಲ್ಲು. ಬೆಟ್ಟಿಂಗ್‌ನವ್ರ ಪಟ್ಟೀಲಿ ಜಪಾನಿನ ಕಾದಂಬರಿಕಾರ ಮುರಕಮಿ ಹೆಸರು ಇದ್ದೇ ಇರುತ್ತೆ, ಅದನ್ನ ನಂಬ್ಕೊಂಡು ಲೇಖನ ರೆಡಿ ಮಾಡಿಟ್ಕೊಂಡವನು ಪ್ರತಿ ವರ್ಷ ಅದರ ಧೂಳು ಕೊಡವಿ ವಾಪಸ್ ಒಳಗಿಡ್ಬೇಕು. 2016ರಲ್ಲಿ ಹಾಡುಗಾರ ಬಾಬ್ ಡಿಲನ್‌ಗೆ ಕೊಟ್ರು, ಕಾದಂಬರಿಕಾರರನ್ನ ಓದಿ ಗುಡ್ಡೆ ಹಾಕ್ಕೊಂಡಿದ್ದವ್ರೆಲ್ಲ ಹಾಡು ಕೇಳೋಕೆ ಓಡಿದ್ರು. 2018ರಲ್ಲಂತೂ ಪ್ರಶಸ್ತಿ ಕೊಡೋ ಸ್ವೀಡಿಷ್ ಅಕಾಡೆಮಿ ಒಳಗೇ ರಂಪ ಆಗಿ ಪ್ರಶಸ್ತೀನೇ ಇಲ್ಲ. ಮುಂದಿನ ವರ್ಷ ಎರಡೂ ವರ್ಷದ್ದು ಒಟ್ಟಿಗೆ ಕೊಟ್ರು, ಹಳೇ ಬಾಕಿ ತೀರಿಸ್ದಂಗೆ."

"ಬಾಕಿ ತೀರಿಸಿದ್ರಲ್ಲ, ನಿನ್ನ ಪತ್ರಿಕೆಗಳಿಗಿಂತ ವಾಸಿ," ಅಂದ ಬ್ಯಾಂಕಿನವನು. ಅವನಿಗೆ ಬಾಕಿ ಅನ್ನೋ ಪದ ಕೇಳಿದ್ರೆ ಸಾಕು, ಕಿವಿ ನೆಟ್ಟಗಾಗುತ್ತೆ.

ಮೇಷ್ಟ್ರು ನಿಧಾನಕ್ಕೆ, "ಮತ್ತೆ ಆ ಹೋಗ್ಬಿಟ್ಟಿರ್ಬೇಕು ಅಂದ್ಯಲ್ಲ, ಅದಕ್ಕೆ ದಿನಾಂಕ ಗೊತ್ತಿರಲ್ವಲ್ಲಪ್ಪ?" ಅಂದ್ರು.

"ಅದಕ್ಕೇ ದೊಡ್ಡ ಪತ್ರಿಕೆಗಳು ದೊಡ್ಡವ್ರ ಶ್ರದ್ಧಾಂಜಲಿ ಬರಹ ಅವ್ರು ಗಟ್ಟಿಮುಟ್ಟಾಗಿರೋವಾಗ್ಲೇ ಬರೆಸಿ ಇಟ್ಕೊಳ್ಳೋದು. 2011ರಲ್ಲಿ ನಟಿ ಎಲಿಜಬೆತ್ ಟೇಲರ್ ತೀರ್ಕೊಂಡಾಗ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಬರಹ ಅಲ್ಲಿನ ವಿಮರ್ಶಕ ಮೆಲ್ ಗಸ್ಸೋ ಹೆಸರಲ್ಲಿತ್ತು. ಅವ್ರು ತೀರ್ಕೊಂಡಿದ್ದು 2005ರಲ್ಲಿ!"

ಒಂದ್ ನಿಮಿಷ ಯಾರೂ ಮಾತಾಡ್ಲಿಲ್ಲ, ಆಮೇಲೆ ಮೇಷ್ಟ್ರು ನಗೋಕೆ ಶುರು ಮಾಡಿದವ್ರು ಕನ್ನಡಕ ತೆಗೆದು ಒರೆಸ್ಕೊಂಡ್ರು.

"ಹಂಗಾದ್ರೆ ದುಡ್ಡು?" ಬ್ಯಾಂಕಿನವನ ಚಿಂತೆ ಅದು.

"ಅವ್ರು ಆ ಪತ್ರಿಕೆಯವ್ರೇ ಕಣೋ, ಬರೆದಾಗ್ಲೇ ಸಂಬಳ ಬಂದಿರುತ್ತೆ. ನನ್ನಂಥ ಅಚ್ಚಾದ ಮೇಲೆ ದುಡ್ಡು ಅನ್ನೋ ಗಿರಾಕಿ ಆಗಿದ್ರೆ ಸತ್ತು ಆರು ವರ್ಷ ಆದ್ಮೇಲೆ ಇನ್ವಾಯ್ಸ್ ಕಳಿಸ್ಬೇಕಿತ್ತು. ಆಮೇಲೆ ರಿಮೈಂಡರ್ ಬೇರೆ."

"ಅಚ್ಚಾಗ್ದೇ ಹೋದ್ರೆ?"

"ಒಳ್ಳೆ ಕಡೆ ಆದ್ರೆ ಕಿಲ್ ಫೀ ಅಂತ ಒಂದು ಪಾಲು ಕೊಡ್ತಾರೆ, ಬರೆಸಿ ಹಾಕ್ಲಿಲ್ಲ ಅನ್ನೋದಕ್ಕೆ. ಉಳಿದ ಕಡೆ ಕಿಲ್ ಮಾತ್ರ, ಫೀ ಇಲ್ಲ."

ಬ್ಯಾಂಕಿನವನು ಗಂಭೀರವಾಗಿ ಕೇಳ್ದ, "ಇನ್ವಾಯ್ಸಲ್ಲಿ ನಾಮಿನಿ ಹೆಸ್ರು ಹಾಕಿದೀಯೇನೋ?"

"ಇನ್ವಾಯ್ಸಲ್ಲಿ ಎಲ್ಲಿರುತ್ತೋ ನಾಮಿನಿ?"

"ಒಂದು ಕಾಲಂ ಎಳ್ಕೊಂಡು ನನ್ ಹೆಸ್ರು ಬರ್ದುಬಿಡು. ಹೋದ್ಸಲ ಇಸ್ಕೊಂಡಿದ್ದು ನೀನಿನ್ನೂ ಕೊಟ್ಟಿಲ್ಲ."