ನಾನ್-ಕಾಂಪೀಟ್ ಷರತ್ತಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಾಸನದಲ್ಲಿ ಬ್ಯೂಟಿ ಪಾರ್ಲರ್ ನಡೆಸುವ ನಮ್ಮ ಅತ್ತಿಗೆ ಒಂದು ಸಲೂನ್ ಕಂಪನಿಯ ಫ್ರಾಂಚೈಸಿ ತೆಗೆದುಕೊಳ್ಳುವ ಯೋಚನೆಯಲ್ಲಿದ್ದಾರೆ. ಕರಾರುಪತ್ರ ಇಂಗ್ಲಿಷಿನಲ್ಲಿದೆ. ಸಹಿ ಹಾಕುವ ಮುಂಚೆ ಪೂರ್ತಿ ಓದಬೇಕು ಅಂದರು, ಅದಕ್ಕೆ ಕನ್ನಡಕ್ಕೆ ಮಾಡಿಕೊಡುತ್ತಿದ್ದೇನೆ. ರಾಯಲ್ಟಿ, ಡಿಪಾಸಿಟ್, ಬಾಡಿಗೆ ಎಲ್ಲ ಸಲೀಸಾಗಿ ಬಂತು. ಸಿಕ್ಕಿಹಾಕಿಕೊಂಡಿರುವುದು ನಾನ್-ಕಾಂಪೀಟ್ ಷರತ್ತಿನಲ್ಲಿ. ಕರಾರು ಇರುವಷ್ಟು ಕಾಲ, ಅದು ಮುಗಿದ ಮೇಲೂ 2 ವರ್ಷ, 5 ಕಿಲೋಮೀಟರ್ ಒಳಗೆ ಇದೇ ಥರದ ವ್ಯವಹಾರ ಮಾಡಕೂಡದು ಎಂಬುದು ಅದರ ಸಾರಾಂಶ.

ಥಟ್ಟನೆ ಸಿಗುವ ಪದ 'ಸ್ಪರ್ಧಾ ನಿಷೇಧ'. ಓದಿದರೆ ಯಾರೋ ಕಬಡ್ಡಿ ಆಟಗಾರನನ್ನು ಟೂರ್ನಿಯಿಂದ ಹೊರಗಿಟ್ಟ ಹಾಗಿದೆ! 'ಪೈಪೋಟಿ' ಅಂದರೆ ವ್ಯಾಪಾರದ ವಾಸನೆ ಬರುತ್ತದೆ, ಅದು ಸರಿ. ನನ್ನ ತಕರಾರು ಜಾಸ್ತಿ ಇರುವುದು 'ನಿಷೇಧ'ದ ಮೇಲೆ. ಪ್ಲಾಸ್ಟಿಕ್ ನಿಷೇಧ, ಪಾನನಿಷೇಧ ಎಲ್ಲ ಸರ್ಕಾರ ಹೇರುವಂಥವು. ಇದು ಇಬ್ಬರು ಕೂತು ಸಹಿ ಹಾಕಿದ ಮಾತು. ಅದೂ ಕಾನೂನಿನ ಮುಂದೆ ಪೂರ್ತಿ ನಿಲ್ಲದ ಮಾತು. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ, ಒಬ್ಬರ ಕಾನೂನುಬದ್ಧ ಕಸುಬು ವ್ಯಾಪಾರಕ್ಕೆ ಅಡ್ಡಿ ಮಾಡುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಅಂಗಡಿಯನ್ನು ಗುಡ್‌ವಿಲ್ (ಅದು ಗಳಿಸಿದ ಹೆಸರು, ಗಿರಾಕಿಗಳ ನಂಬಿಕೆ) ಸಮೇತ ಮಾರಿದವರಿಗೆ ಮಾತ್ರ ಅಲ್ಲಿ ವಿನಾಯಿತಿ ಇಟ್ಟಿದ್ದಾರೆ. ಆದರೆ ಕರಾರು ಚಾಲ್ತಿಯಲ್ಲಿರುವಾಗಿನ ಕಥೆ ಬೇರೆ. ಗುಜರಾತ್ ಬಾಟ್ಲಿಂಗ್ ಮತ್ತು ಕೋಕಾ ಕೋಲಾ ನಡುವಿನ 1995ರ ಮೊಕದ್ದಮೆಯಲ್ಲಿ, ಫ್ರಾಂಚೈಸಿ ನಡೆಯುತ್ತಿರುವಷ್ಟು ಕಾಲ ಪೈಪೋಟಿ ಕಂಪನಿಯ ಮಾಲು ಮುಟ್ಟಬಾರದು ಎನ್ನುವುದು ವ್ಯಾಪಾರಕ್ಕೆ ಅಡ್ಡಿಯಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕರಾರು ಮುಗಿದ ಮೇಲಿನ ತಡೆಯನ್ನು 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಮೊಕದ್ದಮೆಯಲ್ಲಿ ಅದೇ ಕೋರ್ಟ್ ಒಪ್ಪಲಿಲ್ಲ.

ಹೀಗಿರುವಾಗ ಎರಡು ಕಾಲಕ್ಕೂ ಒಂದೇ 'ನಿಷೇಧ' ಬರೆದರೆ ಅತ್ತಿಗೆ ಸುಮ್ನೆ ಹೆದರಿಕೊಳ್ಳುತ್ತಾರೆ, ಅಲ್ವಾ? 'ಪೈಪೋಟಿ ತಡೆ ಷರತ್ತು' ಎಂದು ಬರೆಯೋಣ ಅಂತಿದ್ದೇನೆ. ವಾಕ್ಯವನ್ನೂ ಎರಡಾಗಿ ಒಡೆಯುವ ಆಸೆಯಿದೆ, ಆದರೆ ಮೂಲದಲ್ಲಿ ಒಂದೇ ವಾಕ್ಯ.

ಕರಾರು ಮುಗಿದ ಮೇಲಿನ ತಡೆ ಕಾನೂನಿನಲ್ಲಿ 'ವಾಯ್ಡ್' (void) ಎಂದು ಪಕ್ಕದಲ್ಲಿ ಟಿಪ್ಪಣಿ ಬರೆಯುವಾಗ, ಆ ಪದಕ್ಕೆ 'ರದ್ದು' ಸಾಕು ಎಂದರು ಒಬ್ಬ ಸ್ನೇಹಿತರು. ನನಗೆ ಒಪ್ಪಿಗೆಯಿಲ್ಲ. ರದ್ದಾಗಬೇಕಾದರೆ ಅದು ಮೊದಲು ಜಾರಿಯಲ್ಲಿ ಇರಬೇಕು, ಆಮೇಲೆ ಯಾರಾದರೂ ತೆಗೆಯಬೇಕು. ಅಸಿಂಧು ಮತದ ಹಾಗೆ ಇದು ಹಾಕಿದ್ದರೂ ಲೆಕ್ಕಕ್ಕೆ ಬರದ್ದು. ಕಾನೂನು ಪುಸ್ತಕಗಳ 'ಶೂನ್ಯ' ಪದ ಪಾರ್ಲರಿನಲ್ಲಿ ಕೂತು ಓದುವವರಿಗೆ ಸೊನ್ನೆ ಎಂದೇ ಕಾಣುತ್ತದೆ.

ಇನ್ನು ಆ 5 ಕಿಲೋಮೀಟರ್. '5 ಕಿ.ಮೀ. ಸುತ್ತಳತೆಯಲ್ಲಿ' ಎಂದು ಎಷ್ಟೋ ಕಡೆ ಬರೆಯುತ್ತಾರೆ. ಸುತ್ತಳತೆ ಅಂದರೆ ಸುತ್ತಲಿನ ಗೆರೆಯ ಉದ್ದ. ಆ ಲೆಕ್ಕದಲ್ಲಿ ಅಂಗಡಿಯಿಂದ 800 ಮೀಟರ್ ಆಚೆ ಹೋದರೆ ಸಾಕು, ಹೊಸ ಪಾರ್ಲರ್ ತೆರೆಯಬಹುದು! ಅತ್ತಿಗೆಗೆ ಅದೇ ಅನುಕೂಲ, ಆದರೆ ಅನುವಾದ ಹಾಗಿರಬಾರದಲ್ಲ. 'ತ್ರಿಜ್ಯ' ಸರಿಯಾದ ಪದ, ಶಾಲೆಯ ಜಾಮಿಟ್ರಿ ಬಾಕ್ಸ್ ನೆನಪಾಗುತ್ತದೆ ಅಷ್ಟೆ. 'ಅಂಗಡಿಯಿಂದ ಎತ್ತ ಹೋದರೂ 5 ಕಿ.ಮೀ. ಒಳಗೆ' ಎನ್ನಲೇ? ಅದು ರಸ್ತೆಯ ಅಳತೆಯೋ ನೆಟ್ಟಗೆ ಅಳೆದದ್ದೋ ಎಂಬುದನ್ನು ಮೂಲವೂ ಹೇಳಿಲ್ಲ. ಅದನ್ನು ಕಂಪನಿಯವರಿಂದಲೇ ಬರೆಸಿಕೊಳ್ಳಿ ಎಂದು ಅತ್ತಿಗೆಗೆ ಹೇಳಿದ್ದೇನೆ.

ನಿಮ್ಮಲ್ಲಿ ಪತ್ರ ಬರಹಗಾರರು, ವಕೀಲರು ಇದ್ದೀರಿ. ಅಂಗಡಿ ಮಾರಿದವನು ಅದೇ ಬೀದಿಯಲ್ಲಿ ಮತ್ತೆ ಅಂಗಡಿ ಇಡಕೂಡದು ಎಂಬ ಮಾತಿಗೆ ಹಳೆಯ ಕ್ರಯಪತ್ರಗಳಲ್ಲಿ ಏನೆಂದು ಬರೆಯುತ್ತಿದ್ದರು? ಇನ್ನೊಂದು, 'ಇದೇ ಥರದ ವ್ಯವಹಾರ' ಎಂಬುದಕ್ಕೆ 'ತತ್ಸಮಾನ ವ್ಯವಹಾರ' ಎಂದು ಬರೆದರೆ, ಮದುವೆಮನೆಗೆ ಹೋಗಿ ಹೆಣ್ಣಿಗೆ ಮೇಕಪ್ ಮಾಡಿ, ಸೀರೆ ಉಡಿಸಿ ಬರುವುದೂ ಅದರಲ್ಲಿ ಸೇರುತ್ತದೆಯೇ? ಅತ್ತಿಗೆ ಮೊದಲು ಕೇಳಿದ್ದೇ ಇದನ್ನು.